ಮಾತ್ರೆ ಕವರ್ ತನ್ನಿ ಅಂದಿದ್ದೆ

ಮಂಡ್ಯದ ನಮ್ಮ ಬಡಾವಣೆಯ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ವಾಕ್ ಮಾಡುವವರು ಸೇರಿ ಒಂದು ಭಾನುವಾರ ನನ್ನನ್ನು ಮಾತಾಡಲು ಕರೆದಿದ್ದರು. ಅವತ್ತು ಆಡಿದ್ದನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳೂ ಅಲ್ಲಲ್ಲೇ ಸೇರಿಕೊಂಡಿವೆ.

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೇಳು ವರ್ಷದಿಂದ ಇದೇ ಊರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವವನು. ಹಳ್ಳಿಯಿಂದ ಬರುವವರು ನನ್ನನ್ನೂ 'ಡಾಕ್ಟ್ರೇ' ಅಂತಲೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ಕಿವಿಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬರುವಾಗ ಮನೆಯಲ್ಲಿರುವ ಮಾತ್ರೆ ಕವರ್ ತನ್ನಿ ಅಂದಿದ್ದೆ. ಸುಮಾರು ಜನ ತಂದಿದ್ದೀರಿ. ಮುಂದಿನ ಸಾಲಿನಲ್ಲಿ ಕೂತಿರುವ ಅಮ್ಮ ಸೀರೆ ಅಂಗಡಿಯ ದೊಡ್ಡ ಕವರನ್ನೇ ತಂದಿದ್ದಾರೆ. ಅವರನ್ನು ಕೇಳಿಯೇ ಟೇಬಲ್ ಮೇಲೆ ಸುರಿದಿದ್ದೇನೆ. ಎಣಿಸಿದರೆ 11 ಶೀಟ್. ಎಲ್ಲದರ ಬಗ್ಗೆ ಮಾತಾಡಲು ಹೊತ್ತಿಲ್ಲ. ಎರಡು ತರದ್ದು ನೋಡೋಣ.

ಇದು ಬಿಪಿ ಮಾತ್ರೆ. ಬಿಲ್ ಮೂರು ತಿಂಗಳ ಹಿಂದಿನದು. ಹತ್ತರಲ್ಲಿ ಎರಡು ಗುಳಿ ಮಾತ್ರ ಒಡೆದಿದೆ. ಈ ಕಡೆ ನೋಡಿ, ಹಸಿರು, ಕೇಸರಿ, ಬೆಳ್ಳಿ ಬಣ್ಣದ ಮೂರು ಶೀಟ್. ಮೂರಕ್ಕೂ ಬೇರೆ ಬೇರೆ ಹೆಸರು. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿದರೆ ಮೂರರಲ್ಲೂ ಎಸಿಕ್ಲೋಫೆನಾಕ್ ಇದೆ, ಎರಡರಲ್ಲಿ ಅದರ ಜೊತೆಗೆ ಪ್ಯಾರಾಸಿಟಮಾಲ್. ಮೂರೂ ನೋವಿನ ಮಾತ್ರೆ. ಮೂರೂ ಅರ್ಧಕ್ಕಿಂತ ಜಾಸ್ತಿ ಖಾಲಿ. ಯಾಕಮ್ಮಾ ಹೀಗೆ ಅಂತ ಕೇಳಿದೆ. "ಬಿಪಿ ಮಾತ್ರೆ ಒಂದ್ಸಲ ಹಿಡ್ದರೆ ಬಿಡಕ್ಕಾಗಲ್ಲ, ಅಭ್ಯಾಸ ಆಗೋಯ್ತದೆ ಅಂತ ಭಯ ಸಾರ್. ನೋವಿನ್ದು ಆವಾಗಾವಾಗ ತಾನೇ" ಅಂದರು. ನಿಮ್ಮಲ್ಲಿ ಸುಮಾರು ಜನ ತಲೆ ಆಡಿಸಿದಿರಿ, ನಾನು ನೋಡಿದೆ.

ನನ್ನ ಅಂಗಡಿಯಲ್ಲಿ ದಿನಾ ಕಾಣುವುದೂ ಇದನ್ನೇ. ಭಯ ಇರಬೇಕಾದ ಕಡೆ ಇಲ್ಲ, ಬೇಡದ ಕಡೆ ಬೇಕಾದಷ್ಟಿದೆ. ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಇಷ್ಟೇ.

ಬಿಪಿ ಮಾತ್ರೆಯ ಕಷ್ಟ ಏನು ಅಂದರೆ, ಅದು ಮಾಡುವ ಉಪಕಾರ ಕಣ್ಣಿಗೆ ಕಾಣುವುದಿಲ್ಲ. ನುಂಗಿದರೆ ಏನೂ ಅನ್ನಿಸುವುದಿಲ್ಲ. ನುಂಗದಿದ್ದರೂ ಏನೂ ಅನ್ನಿಸುವುದಿಲ್ಲ. ಎಷ್ಟೋ ದೊಡ್ಡ ದೊಡ್ಡ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಿಪಿಯ ಮೇಲಿನ ಅಂಕಿ 10 ಇಳಿದರೆ ಲಕ್ವ ಹೊಡೆಯುವ ಅಪಾಯ ಸುಮಾರು ಕಾಲು ಭಾಗ ಇಳಿಯುತ್ತದೆ ಅಂತ ಗೊತ್ತಾಗಿದೆ. ಕಾಲು ಭಾಗ ಅಂದರೆ ಎಷ್ಟು? ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಬಿಪಿ ಇರುವ 100 ಜನರಲ್ಲಿ ಹತ್ತು ವರ್ಷದೊಳಗೆ 8 ಜನರಿಗೆ ಲಕ್ವ ಹೊಡೆಯುತ್ತದೆ. ಎಲ್ಲರೂ ಸರಿಯಾಗಿ ಮಾತ್ರೆ ತೆಗೆದುಕೊಂಡರೆ 6 ಜನರಿಗೆ. ಇಬ್ಬರು ಉಳಿದುಕೊಂಡರು. ಮಿಕ್ಕ 92 ಜನಕ್ಕೆ ಮಾತ್ರೆ ಇಲ್ಲದಿದ್ದರೂ ಲಕ್ವ ಹೊಡೆಯುತ್ತಿರಲಿಲ್ಲ. ಆದರೆ ಉಳಿದ ಆ ಇಬ್ಬರು ಯಾರು? ಅದನ್ನು ಯಾವ ಜೋಯಿಸರೂ ಹೇಳಲಾರರು. ಅದಕ್ಕೇ ನೂರು ಜನವೂ ನುಂಗಬೇಕು.

ಹಾಗಂತ ಬಿಪಿ ಮಾತ್ರೆಗೆ ತೊಂದರೆಯೇ ಇಲ್ಲ ಅಂತ ಅಲ್ಲ. ಆಮ್ಲೋಡಿಪಿನ್ ಕೆಲವರಿಗೆ ಕಾಲು ಊದಿಸುತ್ತದೆ. ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತದೆ, ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ. ಡಾಕ್ಟರಿಗೆ ಹೇಳಿದರೆ ಬೇರೆ ಬರೆದುಕೊಡುತ್ತಾರೆ. ಹೇಳದೆ ಸುಮ್ನೆ ನಿಲ್ಲಿಸುವುದಿದೆಯಲ್ಲ, ಅದೇ ಅಪಾಯ.

ಕಳೆದ ವಾರ ಒಬ್ಬ ಹುಡುಗ ಬಂದಿದ್ದ. "ಗೂಗಲ್ ಮಾಡ್ದೆ ಸಾರ್, ನಮ್ಮಮ್ಮನ ಮಾತ್ರೆಗೆ ನಲವತ್ತು ಸೈಡ್ ಎಫೆಕ್ಟ್ ಇದೆ. ಒಂದರಲ್ಲಿ ಅಪಾಯ ಡಬಲ್ ಅಂತೆ." ನಾನು ಅವನಿಗೆ ಬ್ರಿಟನ್ನಿನ ಒಂದು ಕತೆ ಹೇಳಿದೆ. 1995ರಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತು. ಹೊಸ ತರದ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಅಂತ. ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ನಿಜವಾದ ಲೆಕ್ಕ ಏನಿತ್ತು ಗೊತ್ತಾ? 7,000 ಜನರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಡಬಲ್ ಅನ್ನುವುದು ಸುಳ್ಳಲ್ಲ. ಆದರೆ ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಜಾಸ್ತಿ ಆದವು. ತಮಾಷೆ ಅಂದರೆ, ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಬಸುರಿನಲ್ಲೇ ಹೆಚ್ಚು. ಹಾಗಾಗಿ ಯಾರಾದರೂ 'ಡಬಲ್' ಅಂದರೆ 'ಎಷ್ಟರ ಡಬಲ್' ಅಂತ ಕೇಳಿ. ಎಕರೆಗೆ ಇಳುವರಿ ಡಬಲ್ ಅಂತ ಗೊಬ್ಬರದವನು ಹೇಳಿದರೆ ಕೇಳುತ್ತೀರಿ ಅಲ್ವಾ, ಹಾಗೆ.

ಈಗ ನೋವಿನ ಮಾತ್ರೆಗೆ ಬರುತ್ತೇನೆ. ನನಗೆ ಜಾಸ್ತಿ ಮಾತಾಡಬೇಕಿರುವುದು ಇದರ ಬಗ್ಗೆ.

ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್. ಇವೆಲ್ಲ ಒಂದೇ ಕುಲದವು. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದು ಮಾತ್ರ 1971ರಲ್ಲಿ, ಜಾನ್ ವೇನ್ ಅನ್ನುವ ಬ್ರಿಟಿಷ್ ವಿಜ್ಞಾನಿಯಿಂದ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಹೇಗೆ ಅಂತ ಗೊತ್ತಿಲ್ಲದೇ ನುಂಗಿದ್ದಾರೆ. ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಅವರು ಕಂಡುಕೊಂಡದ್ದು ಇದು: ನಮ್ಮ ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುಗಳು ತಯಾರಾಗುತ್ತವೆ, ಈ ಮಾತ್ರೆಗಳು ಅದನ್ನು ತಡೆಯುತ್ತವೆ. ಮಂಡಿಯಲ್ಲಿ ಊತ, ನೋವು ತರುವುದು ಅದೇ ವಸ್ತು. ತಡೆದರೆ ನೋವು ಇಳಿಯುತ್ತದೆ. ಆದರೆ ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಯುವುದೂ ಅದೇ. ಕಿಡ್ನಿಗೆ ರಕ್ತ ಹೋಗುವ ನಾಳವನ್ನು ತೆರೆದಿಡುವುದೂ ಅದೇ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಅಂತ ಗೊತ್ತಾಗುವುದಿಲ್ಲ. ಒಳ್ಳೆಯದು ಮಾಡಿದ ಕೈಯೇ ಕೆಟ್ಟದ್ದನ್ನೂ ಮಾಡುತ್ತದೆ.

ಇಲ್ಲಿ ಹಿಂದಿನಿಂದ ಒಬ್ಬರು ಕೇಳಿದರು: "ಹೊಟ್ಟೆಗೆ ತೊಂದರೆ ಅಂತ ನಾನು ಸೂಜಿ ಹಾಕಿಸ್ಕೋತೀನಿ, ಅದು ಹೊಟ್ಟೆಗೇ ಹೋಗಲ್ವಲ್ಲ?" ಅಣ್ಣ, ಸೂಜಿಯ ಮದ್ದು ರಕ್ತಕ್ಕೆ ಹೋಗುತ್ತದೆ. ರಕ್ತ ಹೊಟ್ಟೆಗೂ ಹೋಗುತ್ತದೆ. ಪ್ರೊಸ್ಟಗ್ಲಾಂಡಿನ್ ನಿಲ್ಲುವುದು ಅಲ್ಲಿಂದಲೇ. ಸೊಂಟಕ್ಕೆ ಚುಚ್ಚಿಸಿಕೊಂಡರೂ ಹುಣ್ಣು ಆಗಬಹುದು.

ನಮ್ಮ ಮನೆಯದೇ ಕತೆ ಹೇಳುತ್ತೇನೆ. ನಮ್ಮಪ್ಪ ವಿಸಿ ನಾಲೆಯ ಬಯಲಿನಲ್ಲಿ ಬೇಸಾಯ ಮಾಡಿದವರು. ಭತ್ತ, ಕಬ್ಬು. ಅರವತ್ತೈದು ದಾಟಿದ ಮೇಲೆ ಮಂಡಿ ನೋವು ಶುರುವಾಯಿತು. ಬಿಪಿ ಮೊದಲಿಂದ ಇತ್ತು. ಡಾಕ್ಟರು ಟೆಲ್ಮಿಸಾರ್ಟಾನ್ ಕೊಟ್ಟಿದ್ದರು, ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಔಷಧಿಯೂ ಅದೇ ಮಾತ್ರೆಯಲ್ಲಿ ಸೇರಿತ್ತು. ಅಪ್ಪ ಸಾಯಂಕಾಲ ಅಂಗಡಿಗೆ ಬಂದು ಕೂರುವರು. ಹೋಗುವಾಗ, "ಆ ಮಂಡಿದು ಒಂದ್ ಶೀಟ್ ಕೊಡಪ್ಪ" ಅನ್ನುವರು. ಕೊಡುತ್ತಿದ್ದೆ. ಚೀಟಿ ಕೇಳಲಿಲ್ಲ, ಎಷ್ಟು ದಿನದಿಂದ ಅಂತ ಕೇಳಲಿಲ್ಲ. ಅಪ್ಪ ಅಲ್ವಾ. ಒಂದು ಬೇಸಿಗೆಯಲ್ಲಿ ಭೇದಿ ಆಯಿತು. ಎರಡು ದಿನ ನೀರೂ ಸರಿಯಾಗಿ ಕುಡಿಯಲಿಲ್ಲ. ಮಂಡಿ ಮಾತ್ರೆ ಮಾತ್ರ ಬಿಡಲಿಲ್ಲ. ಮೂರನೇ ದಿನ ಮೂತ್ರ ಕಡಿಮೆಯಾಗಿ, ಮುಖ ಊದಿಕೊಂಡು ಆಸ್ಪತ್ರೆಗೆ ಹೋದಾಗ ಕ್ರಿಯಾಟಿನಿನ್ 2.8. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಕಿ ಅದು. ಹಿಂದಿನ ವರ್ಷ 1.1 ಇತ್ತು.

ಅಲ್ಲಿನ ಡಾಕ್ಟರು ನನ್ನ ವೃತ್ತಿ ಏನು ಅಂತ ಕೇಳಿದರು. ಹೇಳಿದೆ. ಅವರು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಏನಾಯಿತು ಅಂತ ಅಪ್ಪನಿಗೆ ತಿಳಿಸಲು ನಾನು ಗದ್ದೆಯನ್ನೇ ಹೇಳಬೇಕಾಯಿತು. ನಿಮಗೂ ಹಾಗೇ ಹೇಳುತ್ತೇನೆ. ಭತ್ತದ ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ಏನು ಬೇಕು? ನೀರು ಒಳಗೆ ಬರುವ ಮೇಲಿನ ಮಡೆ ತೆಗೆದಿರಬೇಕು, ಹೊರಗೆ ಹೋಗುವ ಕೆಳಗಿನ ಮಡೆ ಸ್ವಲ್ಪ ಕಟ್ಟಿರಬೇಕು, ನಾಲೆಯಲ್ಲಿ ನೀರಿರಬೇಕು. ಕಿಡ್ನಿಯೂ ಹಾಗೇ. ರಕ್ತ ಒಳಗೆ ಬಂದು ಸ್ವಲ್ಪ ಒತ್ತಡದಲ್ಲಿ ನಿಂತರೆ ತಾನೇ ಸೋಸುವುದು. ನೋವಿನ ಮಾತ್ರೆ ಮೇಲಿನ ಮಡೆ ಕಟ್ಟಿತು. ಟೆಲ್ಮಿಸಾರ್ಟಾನ್ ಕೆಳಗಿನ ಮಡೆ ಸಡಿಲ ಮಾಡಿತು. ಮೂತ್ರದ ಮಾತ್ರೆ, ಭೇದಿ, ಬಿಸಿಲು ಸೇರಿ ನಾಲೆಯಲ್ಲೇ ನೀರು ಇಳಿಸಿದವು. ಗದ್ದೆ ಒಣಗದೆ ಇನ್ನೇನಾಗುತ್ತದೆ? ಟೆಲ್ಮಿಸಾರ್ಟಾನ್ ಒಂದೇ ಇದ್ದರೆ ತೊಂದರೆ ಇರಲಿಲ್ಲ, ಎಷ್ಟೋ ಸಲ ಅದು ಕಿಡ್ನಿಯನ್ನು ಕಾಪಾಡುವ ಮದ್ದೇ. ಮೂರೂ ಒಟ್ಟಿಗೆ ಸೇರಿದ್ದು ತಪ್ಪು.

ಅಪ್ಪ ಹೇಳಿದ್ದು ಒಂದೇ ಮಾತು: "ಮ್ಯಾಲಿನ್ ಮಡೆ ಕಟ್ದೋನು ನೀನೇ ಅನ್ನು."

ನೋವಿನ ಮಾತ್ರೆ ನಿಲ್ಲಿಸಿ, ನೀರು ಏರಿಸಿದ ಮೇಲೆ ಕ್ರಿಯಾಟಿನಿನ್ ಇಳಿಯಿತು. ಈಗ 1.4ರಲ್ಲಿ ನಿಂತಿದೆ. ಮೊದಲಿನಷ್ಟಕ್ಕೆ ಬರಲಿಲ್ಲ. ಅವತ್ತಿನಿಂದ ನಾನು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳದೆ ನೋವಿನ ಮಾತ್ರೆ ಕೊಡುವುದಿಲ್ಲ. ಬಿಪಿಗೆ, ಶುಗರ್‌ಗೆ, ಹಾರ್ಟ್‌ಗೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಕೆಲವರಿಗೆ ಸಿಟ್ಟು ಬರುತ್ತದೆ. ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಬೆಂಗಳೂರಿಗೆ ಹೋಗುವಾಗ ರಾಮನಗರದ ಕಲ್ಲುಬೆಟ್ಟ ಕಾಣುತ್ತದಲ್ಲ, ಅಲ್ಲಿನ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮ ಮಾಡಿದರು. ಹದ್ದಿಗೆ ಅಂತಲೇ ಧಾಮ ಮಾಡುವ ಸ್ಥಿತಿ ಯಾಕೆ ಬಂತು ಗೊತ್ತಾ? ಇದೇ ಡೈಕ್ಲೋಫೆನಾಕ್. ದನಕ್ಕೆ ನೋವಿಗೆ ಕೊಡುತ್ತಿದ್ದರು. ಆ ದನ ಸತ್ತರೆ ಅದರ ಮಾಂಸ ತಿಂದ ಹದ್ದುಗಳ ಕಿಡ್ನಿ ಕೆಲವೇ ದಿನದಲ್ಲಿ ನಿಂತುಹೋಗುತ್ತಿತ್ತು. ಕಾರಣ ಇದೇ ಅಂತ ಪಕ್ಕಾ ಆದದ್ದು 2004ರಲ್ಲಿ. ಅಷ್ಟು ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗಿದ್ದವು. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. ಆದರೆ ಮನುಷ್ಯರಿಗೆ ಅಂತ ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. ಮಾರುತ್ತಿದ್ದವರು ನಮ್ಮಂಥ ಅಂಗಡಿಯವರೇ. ಕೊನೆಗೆ 2015ರಲ್ಲಿ, ಮನುಷ್ಯರ ಇಂಜೆಕ್ಷನ್ 3 ಮಿಲಿಯ ಒಂದೇ ಡೋಸಿನಲ್ಲಿ ಮಾತ್ರ ಬರಬೇಕು ಅಂತ ಮಾಡಿದರು. ಹದ್ದಿನ ಕಿಡ್ನಿ ಬೇರೆ, ನಮ್ಮದು ಬೇರೆ. ಅವು ಸತ್ತವು ಅಂತ ನಾವೂ ಸಾಯುವುದಿಲ್ಲ. ಹೆದರಿಸಲು ಹೇಳಲಿಲ್ಲ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನೆನಪಾಗುತ್ತದೆ, ಅಷ್ಟೇ.

ಹಾಗಾದರೆ ನೋವಿನ ಮಾತ್ರೆ ವಿಷವಾ? ಖಂಡಿತ ಅಲ್ಲ. ಕಾಲು ಉಳುಕಿದೆ, ವಯಸ್ಸು ಮೂವತ್ತು, ಬೇರೆ ಕಾಯಿಲೆ ಇಲ್ಲ. ಊಟ ಮಾಡಿ ಮೂರು ದಿನ ತೆಗೆದುಕೊಂಡರೆ ಲಾಭವೇ ಜಾಸ್ತಿ. ಅದೇ ಮಾತ್ರೆ, ಅದೇ ಡೋಸ್, ಎಪ್ಪತ್ತು ವರ್ಷದ ಬಿಪಿ ರೋಗಿಗೆ ಮೂರು ತಿಂಗಳು ಅಂದರೆ ತಕ್ಕಡಿ ಆ ಕಡೆ ವಾಲುತ್ತದೆ. ತಕ್ಕಡಿಯಲ್ಲಿ ಇಡುವುದು ಬರೀ ಮಾತ್ರೆಯನ್ನಲ್ಲ, ಮಾತ್ರೆ ನುಂಗುವವರನ್ನೂ ಸೇರಿಸಿ.

ಆಸ್ಪಿರಿನ್ ಬಗ್ಗೆಯೂ ಇದೇ ಮಾತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದವಲ್ಲ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಜಾತ್ರೆಯಂತೆ ಸೇರಿದ್ದರು. ಆಗ ನನ್ನ ಅಂಗಡಿಗೂ ದಿನಕ್ಕೆ ನಾಲ್ಕೈದು ಜನ, "ರಕ್ತ ತೆಳ್ಳಗೆ ಮಾಡೋ ಮಾತ್ರೆ ಕೊಡಿ, ಮುಂಜಾಗ್ರತೆಗೆ" ಅಂತ ಬರುತ್ತಿದ್ದರು. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2018ರಲ್ಲಿ ಫಲಿತಾಂಶ ಬಂತು. ಹಾರ್ಟ್ ತೊಂದರೆ ಇಲ್ಲದ ಹಿರಿಯರು 19,000ಕ್ಕೂ ಹೆಚ್ಚು, ಬಹುಪಾಲು 70 ದಾಟಿದವರು. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್, ಅರ್ಧ ಜನಕ್ಕೆ ಮದ್ದಿಲ್ಲದ ಮಾತ್ರೆ. ಐದು ವರ್ಷದ ಹತ್ತಿರ ನೋಡಿದರು. ಹೃದಯಕ್ಕೆ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ನೂರಕ್ಕೆ 2.8 ಇದ್ದದ್ದು 3.8 ಆಯಿತು. ದಯವಿಟ್ಟು ಇದನ್ನು ಅರ್ಧ ಕೇಳಿಸಿಕೊಂಡು ಹೋಗಬೇಡಿ. ಸ್ಟೆಂಟ್ ಹಾಕಿಸಿಕೊಂಡವರು, ಒಮ್ಮೆ ಹಾರ್ಟ್ ಅಟ್ಯಾಕ್ ಆದವರ ಲೆಕ್ಕ ಪೂರಾ ಬೇರೆ. ಅವರಿಗೆ ಆಸ್ಪಿರಿನ್ ಜೀವ ಉಳಿಸುತ್ತದೆ. ಡಾಕ್ಟರಿಗೆ ಹೇಳದೆ ಒಂದು ದಿನವೂ ಬಿಡಬಾರದು.

ಗ್ಯಾಸ್ ಮಾತ್ರೆ. ಇದಕ್ಕೆ ನೀವೆಲ್ಲ ನಗುತ್ತೀರಿ ಅಂತ ಗೊತ್ತಿತ್ತು. ಎದ್ದ ತಕ್ಷಣ ಪ್ಯಾಂಟೊಪ್ರಜೋಲ್, ಆಮೇಲೆ ಕಾಫಿ, ಆಮೇಲೆ ವಾಕಿಂಗ್. ಹತ್ತು ವರ್ಷದಿಂದ. ಹುಣ್ಣು ಇರುವವರಿಗೆ, ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರಿಗೆ ಇದು ಬೇಕೇ ಬೇಕು. ಮಿಕ್ಕವರಿಗೆ? ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಅದೂ ಬಿ12 ಇಳಿಸುತ್ತದೆ. ಕಾಲು ಜುಮ್ ಅನ್ನುವುದಕ್ಕೆ ಶುಗರ್ ಒಂದನ್ನೇ ದೂರಬೇಡಿ, ಬಿ12 ಒಮ್ಮೆ ಪರೀಕ್ಷೆ ಮಾಡಿಸಿ.

"ಬಿಟ್ರೆ ಎದೆ ಉರಿಯುತ್ತಲ್ಲ?" ಅಂತ ಮೇಷ್ಟ್ರು ಕೇಳಿದರು. ಒಳ್ಳೆಯ ಪ್ರಶ್ನೆ. ಡೆನ್ಮಾರ್ಕ್‌ನಲ್ಲಿ 120 ಆರೋಗ್ಯವಂತರ ಮೇಲೆ ಒಂದು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಗ್ಯಾಸ್, ಉರಿ ಏನೂ ಇಲ್ಲದ ಜನ. ಅರ್ಧ ಜನಕ್ಕೆ ಎಂಟು ವಾರ ಈ ಜಾತಿಯ ಮಾತ್ರೆ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಅವರಲ್ಲಿ ನೂರಕ್ಕೆ 44 ಜನರಿಗೆ ಎದೆ ಉರಿ, ಹುಳಿತೇಗು ತರದ ತೊಂದರೆ ಬಂತು. ಮಾತ್ರೆ ತೆಗೆದುಕೊಳ್ಳದವರಲ್ಲಿ 15. ಅಂದರೆ ಉರಿಯೇ ಇಲ್ಲದವರಿಗೆ ಮಾತ್ರೆ ಬಿಟ್ಟದ್ದರಿಂದ ಉರಿ ಬಂತು. ಮೇಷ್ಟ್ರೇ, ನಿಮ್ಮ ಎದೆ ಉರಿ ಕಾಯಿಲೆಯದ್ದೋ ಮಾತ್ರೆ ಬಿಟ್ಟದ್ದರದ್ದೋ ಎರಡು ದಿನದಲ್ಲಿ ತೀರ್ಮಾನ ಮಾಡಲು ಆಗುವುದಿಲ್ಲ. ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು.

ಪ್ಯಾರಾಸಿಟಮಾಲ್‌ನಷ್ಟು ಒಳ್ಳೆಯ ಮದ್ದು ಕಡಿಮೆ. ಡೆಂಗಿ ಅನುಮಾನ ಇದ್ದರೆ ಜ್ವರಕ್ಕೆ ಇದೊಂದೇ, ಐಬುಪ್ರೊಫೇನ್, ಆಸ್ಪಿರಿನ್ ಮುಟ್ಟಬಾರದು, ರಕ್ತಸ್ರಾವದ ಅಪಾಯ. ಆದರೆ ಇದಕ್ಕೂ ಒಂದು ಗಡಿ ಇದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ, ಅಂದರೆ 650ರ ಮಾತ್ರೆ ಆರು. ವಯಸ್ಸಾದವರು, ತೆಳ್ಳಗಿರುವವರು, ಕುಡಿಯುವವರು ಅಷ್ಟೂ ಹೋಗಬಾರದು. ಡೋಲೋ, ಕ್ರೋಸಿನ್, ಕಾಲ್ಪಾಲ್ ಮೂರೂ ಪ್ಯಾರಾಸಿಟಮಾಲೇ. ನೆಗಡಿ ಮಾತ್ರೆಗಳಲ್ಲೂ ಎಷ್ಟೋ ಸಲ ಅದು ಇರುತ್ತದೆ. ಜ್ವರಕ್ಕೆ ಒಂದು, ಮೈಕೈ ನೋವಿಗೆ ಒಂದು, ನೆಗಡಿಗೆ ಒಂದು ಅಂತ ನುಂಗಿದರೆ ಗಡಿ ದಾಟಿದ್ದೇ ಗೊತ್ತಾಗುವುದಿಲ್ಲ. ಲಿವರ್ ಕೆಟ್ಟರೂ ಮೊದಲ ದಿನ ಏನೂ ತೋರುವುದಿಲ್ಲ. ಎರಡು ಮೂರು ದಿನದ ಮೇಲೆ ತೋರುತ್ತದೆ. ಅದಕ್ಕೆ ಪ್ರತಿಮದ್ದು ಇದೆ, ಎಂಟು ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಜಾಸ್ತಿ ಆಯಿತು ಅನ್ನಿಸಿದರೆ 'ಚೆನ್ನಾಗೇ ಇದ್ದೀನಲ್ಲ' ಅಂತ ಕೂರದೆ ಆಸ್ಪತ್ರೆಗೆ ಹೋಗಿ.

ಮೊಮ್ಮಕ್ಕಳಿರುವವರು ಇದನ್ನು ನೋಡಿ. ಎರಡೂ ಮಕ್ಕಳ ಪ್ಯಾರಾಸಿಟಮಾಲ್. ಇದು ಹನಿ ಹಾಕುವ ಪುಟ್ಟ ಬಾಟಲಿ, ಇದು ಸಿರಪ್. ಪುಟ್ಟದರಲ್ಲಿ ಕಡಿಮೆ ಪವರ್ ಇರುತ್ತದೆ ಅಂತ ತಾನೇ ನಿಮ್ಮ ಲೆಕ್ಕ? ಉಲ್ಟಾ. ಹನಿಯಲ್ಲಿ 1 ಮಿಲಿಗೆ 100 ಮಿಲಿಗ್ರಾಂ. ಈ ಸಿರಪ್‌ನಲ್ಲಿ 5 ಮಿಲಿಗೆ 125, ಅಂದರೆ 1 ಮಿಲಿಗೆ 25. ನಾಲ್ಕು ಪಟ್ಟು ವ್ಯತ್ಯಾಸ. ಹನಿಯ ಮದ್ದನ್ನು ಸಿರಪ್‌ನಂತೆ ಚಮಚದಲ್ಲಿ ಹಾಕಿದರೆ ಏನಾಗುತ್ತದೆ ನೀವೇ ಲೆಕ್ಕ ಹಾಕಿ. ಸಿರಪ್‌ನಲ್ಲೂ 5 ಮಿಲಿಗೆ 250 ಇರುವುದು ಬೇರೆ ಬರುತ್ತದೆ. ಅಡುಗೆಮನೆ ಚಮಚ ಬೇಡ, ಬಾಟಲಿಯ ಜೊತೆ ಬರುವ ಮುಚ್ಚಳ ಅಥವಾ ಫಿಲ್ಲರ್‌ನಲ್ಲೇ ಅಳೆಯಿರಿ.

ಆ್ಯಂಟಿಬಯೋಟಿಕ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಎಳೆಯುವುದಿಲ್ಲ. ನೆಗಡಿ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆ್ಯಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಶೀಟ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೇಳಬೇಡಿ. ನಾನು ಕೊಡುವುದೂ ಇಲ್ಲ.

ಮಾತ್ರೆಯಿಂದ ಏನಾದರೂ ತೊಂದರೆ ಆದರೆ ದೂರು ಹೇಳಲು ಜಾಗ ಇದೆಯಾ ಅಂತ ಒಬ್ಬರು ಕೇಳಿದರು. ಇದೆ. 2010ರಿಂದ ಕೇಂದ್ರ ಸರ್ಕಾರದ ಒಂದು ವ್ಯವಸ್ಥೆ ನಡೆಯುತ್ತಿದೆ. 1800 180 3024ಕ್ಕೆ ರೋಗಿಗಳೇ ಫೋನ್ ಮಾಡಬಹುದು, ದುಡ್ಡಿಲ್ಲ. ಯಾವ ಮಾತ್ರೆ, ಎಷ್ಟು ದಿನ, ಏನಾಯಿತು ಅಂತ ಹೇಳಬೇಕು. ಅದಕ್ಕೆ ಮಾತ್ರೆಯ ಹೆಸರು ಗೊತ್ತಿರಬೇಕು.

ಅಲ್ಲಿಗೆ ಮತ್ತೆ ಈ ಅಮ್ಮನ ಕವರ್‌ಗೇ ಬಂದೆ. ಮಾತು ಮುಗಿದ ಮೇಲೆ ನಾವಿಬ್ಬರೂ ಕೂತು ಮಾರ್ಕರ್ ಪೆನ್ನಿನಲ್ಲಿ ಶೀಟ್ ಶೀಟ್ ಮೇಲೂ ಕನ್ನಡದಲ್ಲಿ ಬರೆದೆವು. 'ಬಿಪಿ, ದಿನಾ ಬೆಳಿಗ್ಗೆ.' 'ಜ್ವರ ಬಂದರೆ ಮಾತ್ರ.' ನೋವಿನ ಮೂರೂ ಶೀಟ್ ಬೇರೆ ಕಟ್ಟಿ, ಸೋಮವಾರ ಡಾಕ್ಟರಿಗೆ ತೋರಿಸಲು ಕೈಚೀಲದಲ್ಲಿ ಇಟ್ಟುಕೊಂಡರು. ಹತ್ತು ಮುಗಿಯಿತು. ಹನ್ನೊಂದನೆಯದು ನಾಲ್ಕೇ ಮಾತ್ರೆಯ ತುಂಡು. ಹೆಸರಿಲ್ಲ, ತಾರೀಖಿಲ್ಲ. ಅವು ಇದ್ದ ಭಾಗವನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿ ಬೇರೆಯವರಿಗೆ ಕೊಟ್ಟಿದ್ದರು. ಬಿಳಿ, ದುಂಡನೆಯ ಮಾತ್ರೆ. ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ನೋಡಿದೆ. ಯಾವುದು ಅಂತ ನನಗೂ ಗೊತ್ತಾಗಲಿಲ್ಲ.

"ಇದನ್ನ ಎಲ್ಲಿ ತಗೊಂಡ್ರಿ ಅಮ್ಮ?" ಅಂದೆ.

"ನಿಮ್ಮಂಗ್ಡೀಲೇ ಸಾರ್" ಅಂದರು.